ಲಡ್ಡುವಿನ ಸ್ನಾನದ ನೀರು

ಹೋದ ವರ್ಷ ಜೂನ್ ತಿಂಗಳಲ್ಲಿ ನಾನು 11 ದಿನ ಒಂದು ಕಪ್ಪೆಗೆ ಸ್ನಾನ ಮಾಡಿಸಿದೆ. ಊರಿಗೆ ಹೋದಾಗ ಈ ವಿಷಯ ಹೇಳಿದೆ. ಅಜ್ಜಿ ಒಂದು ನಿಮಿಷ ಸುಮ್ಮನಿದ್ದು, "ಅದಕ್ಕೇನಾ ಮಗಾ ನಿನ್ನ ಬೆಂಗಳೂರಿಗೆ ಓದಕ್ಕೆ ಕಳಿಸಿದ್ದು?" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆವತ್ತು ಅಜ್ಜಿಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ನಮ್ಮೂರು ಶಿರಾ ಕಡೆ. ಪತ್ರಿಕೋದ್ಯಮ ಓದಿ ಮುಗಿಸಿ ಬೆಂಗಳೂರಿಗೆ ಬಂದು ಬಿಟಿಎಂ ಲೇಔಟ್‌ನ ಒಂದು ಪಿಜಿಯಲ್ಲಿ ಇದ್ದೇನೆ. ಬರೆಯುವುದರಿಂದ ಬರುವ ದುಡ್ಡು ಪಿಜಿ ಬಾಡಿಗೆಗೆ ಸಾಲುವುದಿಲ್ಲ. ಹಾಗಾಗಿ ಸಂಜೆ ಹೊತ್ತು ಜೆಪಿ ನಗರ 7ನೇ ಹಂತದ ಒಂದು ಅಪಾರ್ಟ್‌ಮೆಂಟಿಗೆ ಹೋಗಿ ಆರನೇ ಕ್ಲಾಸಿನ ಹುಡುಗನಿಗೆ ಕನ್ನಡ ಹೇಳಿಕೊಡುತ್ತೇನೆ. ಅವನಿಗೆ ಒತ್ತಕ್ಷರ ಅಂದರೆ ಭಯ. ಅವರ ಮನೆ ಇರುವುದು ಪುಟ್ಟೇನಹಳ್ಳಿ ಕೆರೆಯ ಹತ್ತಿರ. ಹಾಳಾಗುತ್ತಿದ್ದ ಆ ಕೆರೆಯನ್ನು ಅಲ್ಲಿನ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಉಳಿಸಿದರು. ಮಳೆ ಬಂದ ಸಂಜೆ ಬಾಲ್ಕನಿಯಲ್ಲಿ ನಿಂತರೆ ಕಪ್ಪೆಗಳು ಕೂಗುವುದು ಕೇಳಿಸುತ್ತದೆ. ಬೆಂಗಳೂರಿನಲ್ಲಿ ನನಗೆ ಊರು ನೆನಪಾಗುವ ಜಾಗ ಅದೊಂದೇ.

ಹುಡುಗನ ಹುಟ್ಟುಹಬ್ಬಕ್ಕೆ ಅವರಪ್ಪ ಒಂದು ಕಪ್ಪೆ ತಂದುಕೊಟ್ಟಿದ್ದರು. ಅದು ನಮ್ಮ ಕೆರೆಯ ಕಪ್ಪೆಯಲ್ಲ. ದಕ್ಷಿಣ ಅಮೆರಿಕದ್ದು, ಅಂಗಡಿಯವರು ಪ್ಯಾಕ್‌ಮನ್ ಕಪ್ಪೆ ಅಂತ ಮಾರುತ್ತಾರೆ. ದುಂಡಗೆ, ಹಸಿರು, ಅರ್ಧ ಮೈ ಬಾಯಿಯೇ. ಹುಡುಗ ಅದಕ್ಕೆ ಲಡ್ಡು ಅಂತ ಹೆಸರಿಟ್ಟಿದ್ದ. ಗಾಜಿನ ಪೆಟ್ಟಿಗೆಯಲ್ಲಿ ತೆಂಗಿನನಾರಿನ ಪುಡಿಯೊಳಗೆ ಅರ್ಧ ಹೂತುಕೊಂಡು ದಿನವಿಡೀ ಕೂತಿರುತ್ತಿತ್ತು. ಹುಳ ಹಾಕಿದರೆ ಗಬಕ್ಕನೆ ನುಂಗುತ್ತಿತ್ತು.

ಜೂನ್ ಮೊದಲ ವಾರ ಲಡ್ಡು ಹುಳ ಮುಟ್ಟಲಿಲ್ಲ. ನಾರಿನಿಂದ ಹೊರಗೆ ಬಂದು ಕಾಲು ಚಾಚಿಕೊಂಡು ಕೂತಿತ್ತು. ಮೈಮೇಲಿಂದ ಬಿಳಿ ಪೊರೆ ಚೂರು ಚೂರಾಗಿ ಏಳುತ್ತಿತ್ತು. ಕಪ್ಪೆ ಪೊರೆ ಬಿಡುವುದು ಸಹಜ. ಬಿಟ್ಟ ಪೊರೆಯನ್ನು ತಾನೇ ತಿಂದುಬಿಡುತ್ತದೆ, ಹಾಗಾಗಿ ನಮಗೆ ಕಾಣುವುದು ಕಡಿಮೆ. ಇದು ದಿನಾ ಏಳುತ್ತಿತ್ತು. ಹೊಟ್ಟೆ, ತೊಡೆ ಕೆಂಪಗಾಗಿತ್ತು.

"ಮಿಸ್, ಲಡ್ಡುಗೆ ಏನಾಗಿದೆ?" ಅಂತ ಹುಡುಗ ಕೇಳಿದ. ಹಳ್ಳಿಯವಳಲ್ಲವಾ, ನನಗೆ ಕಪ್ಪೆ ಬಗ್ಗೆ ಎಲ್ಲ ಗೊತ್ತಿರುತ್ತದೆ ಅಂತ ಅವನ ನಂಬಿಕೆ.

ಇಲ್ಲಿ ನನ್ನ ತಪ್ಪು ಹೇಳಬೇಕು. ಆಗ ನನಗೇ ತೊಡೆಯಲ್ಲಿ ಹುಳುಕಡ್ಡಿ ಆಗಿತ್ತು. ಪಿಜಿಯಲ್ಲಿ ಬಟ್ಟೆ ಒಣಗುವುದಿಲ್ಲ, ಒದ್ದೆ ಬಟ್ಟೆಯನ್ನೇ ಹಾಕಿಕೊಂಡು ಓಡುತ್ತೇವೆ. ಮೊದಲು ಜಯನಗರದ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಟ್ಯೂಬ್ ಹಚ್ಚಿದೆ. ತುರಿಕೆ ನಾಲ್ಕು ದಿನ ನಿಂತು, ಆಮೇಲೆ ಎರಡರಷ್ಟು ಹರಡಿತು. ಚರ್ಮದ ಡಾಕ್ಟರು ಟ್ಯೂಬ್ ನೋಡಿ, ಇದರಲ್ಲಿ ಸ್ಟಿರಾಯ್ಡ್ ಸೇರಿಸಿದ್ದಾರೆ, ಇದು ತುರಿಕೆ ಅಡಗಿಸಿ ಶಿಲೀಂಧ್ರವನ್ನು ಬೆಳೆಸುತ್ತದೆ ಅಂತ ಬೈದು, ಇಟ್ರಾಕೊನಜೋಲ್ ಅನ್ನುವ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಕಪ್ಪೆಯ ಚರ್ಮ ಎದ್ದಿದೆ ಅಂತ ನಾನು ಮೊಬೈಲಿನಲ್ಲಿ ಹುಡುಕಿದರೆ ಅಲ್ಲೂ ಅದೇ ಹೆಸರು ಬಂತು. ಕಪ್ಪೆಯ ಚರ್ಮದ ಶಿಲೀಂಧ್ರ ರೋಗಕ್ಕೆ ಇಟ್ರಾಕೊನಜೋಲ್ ಸ್ನಾನ. ಔಷಧಿ ನನ್ನ ಬ್ಯಾಗಿನಲ್ಲೇ ಇದೆ!

ಒಂದು ಕ್ಯಾಪ್ಸೂಲ್ ಬಿಚ್ಚಿ ಅರ್ಧ ಲೀಟರ್ ನಲ್ಲಿ ನೀರಿಗೆ ಸುರಿದು, ಲಡ್ಡುವನ್ನು ಅರ್ಧ ಗಂಟೆ ಕೂರಿಸಿದೆ. ಮರುದಿನವೂ ಹಾಗೇ. ಮೂರನೇ ದಿನವೂ ಹಾಗೇ. ಪ್ರತಿ ಸಲ ಆ ನೀರನ್ನು ಕೆಳಗೆ ಒಯ್ದು ಗೇಟಿನ ಪಕ್ಕದ ಮಳೆನೀರಿನ ಚರಂಡಿಗೆ ಚೆಲ್ಲಿದೆ. ಮೂರನೇ ದಿನ ಲಡ್ಡುವನ್ನು ಅಂಗಾತ ಹಾಕಿದರೆ ಮಗುಚಿಕೊಳ್ಳಲು ಅದಕ್ಕೆ ಆಗಲಿಲ್ಲ. ಹುಡುಗ ಅಳುತ್ತಾ ಕೂತ.

ಆ ರಾತ್ರಿಯೇ ಹುಡುಗನ ಅಮ್ಮ ಫೋನಿನಲ್ಲಿ ಹುಡುಕಾಡಿ, ಬನಶಂಕರಿ ಕಡೆ ಹಕ್ಕಿ, ಆಮೆ, ಹಲ್ಲಿ ಎಲ್ಲ ನೋಡುವ ಒಬ್ಬ ಪಶುವೈದ್ಯರನ್ನು ಗೊತ್ತುಮಾಡಿದರು. ಐಸ್‌ಕ್ರೀಮ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ ಲಡ್ಡುವನ್ನು ಆಟೋದಲ್ಲಿ ಒಯ್ದೆವು.

ವೈದ್ಯರು ಎದ್ದಿದ್ದ ಪೊರೆಯ ಒಂದು ಚೂರನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನಗೂ ನೋಡಲು ಬಿಟ್ಟರು. ಚರ್ಮದೊಳಗೆ ದುಂಡನೆಯ ಸಣ್ಣ ಸಣ್ಣ ಗುಳ್ಳೆಗಳು, ಕೆಲವು ತುಂಬಿದ್ದವು, ಕೆಲವು ಖಾಲಿ. "ನೋಡೋಕೆ ಕೈಟ್ರಿಡ್ ಥರ ಇದೆ. ಖಚಿತ ಆಗಬೇಕು ಅಂದರೆ ಕೊರೊನಾ ಟೈಮಲ್ಲಿ ಮೂಗಿಗೆ ಕಡ್ಡಿ ಹಾಕಿದರಲ್ಲ, ಹಾಗೆ ಇದರ ಚರ್ಮಕ್ಕೆ ಕಡ್ಡಿ ಉಜ್ಜಿ ಪಿಸಿಆರ್ ಮಾಡಿಸಬೇಕು" ಅಂದರು. ಆ ಖರ್ಚಿಗೆ ಮನೆಯವರು ಒಪ್ಪಲಿಲ್ಲ. ಹಾಗಾಗಿ ಲಡ್ಡುವಿಗೆ ಬಂದದ್ದು ಅದೇ ರೋಗ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಅದೇ ಎಂದು ತಿಳಿದು ಚಿಕಿತ್ಸೆ ಮಾಡಿದೆವು, ಅಷ್ಟೇ.

ಕೈಟ್ರಿಡ್ ಅಂದರೆ ಒಂದು ಜಾತಿಯ ಶಿಲೀಂಧ್ರ. ರೊಟ್ಟಿಗೆ ಹತ್ತುವ ಬೂಷ್ಟಿನ ದೂರದ ಸಂಬಂಧಿ, ಆದರೆ ನೀರಿನಲ್ಲಿ ಈಜಬಲ್ಲದು. ಇದರ ಬೀಜಕಣಕ್ಕೆ ಒಂದು ಬಾಲವಿದೆ. ಈಜಿ ಬಂದು ಕಪ್ಪೆಯ ಚರ್ಮ ಹೊಕ್ಕು, ಗುಳ್ಳೆ ಕಟ್ಟಿ, ಗುಳ್ಳೆಯಿಂದ ಮತ್ತೆ ಬೀಜಕಣ ನೀರಿಗೆ ಬಿಡುತ್ತದೆ. ಗೊದಮೊಟ್ಟೆಗಳಿಗೆ ಬಾಯಿಯ ಹತ್ತಿರ ಮಾತ್ರ ಹತ್ತುತ್ತದೆ, ಹಾಗಾಗಿ ಅವು ಸಾಮಾನ್ಯವಾಗಿ ಕೂಡಲೇ ಸಾಯುವುದಿಲ್ಲ, ರೋಗ ಹೊತ್ತುಕೊಂಡು ಬೆಳೆಯುತ್ತವೆ. ಮನುಷ್ಯರಿಗೆ, ದನಕರುಗಳಿಗೆ ಇದು ಬರುವುದಿಲ್ಲ.

ಚರ್ಮದ ರೋಗಕ್ಕೆ ಕಪ್ಪೆ ಸಾಯುವುದು ಯಾಕೆ ಅಂತ ನಾನು ಕೇಳಿದೆ. ನನ್ನ ಹುಳುಕಡ್ಡಿಯಿಂದ ನಾನೇನು ಸಾಯುವುದಿಲ್ಲವಲ್ಲ. ವೈದ್ಯರು ಹೇಳಿದ್ದು ಇದು. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಸಿರನ್ನೂ ಒಂದಿಷ್ಟು ಚರ್ಮದಿಂದಲೇ ಎಳೆದುಕೊಳ್ಳುತ್ತದೆ. ಮೈಯ ಉಪ್ಪಿನಂಶ ಹದದಲ್ಲಿಡುವುದೂ ಚರ್ಮದ ಕೆಲಸವೇ. ಆ ಚರ್ಮ ಕೆಟ್ಟರೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿಯುತ್ತವೆ. 2009ರಲ್ಲಿ ಆಸ್ಟ್ರೇಲಿಯಾದ ಮರಗಪ್ಪೆಗಳ ಮೇಲೆ ನಡೆದ ಅಧ್ಯಯನದಲ್ಲಿ, ರೋಗ ಬಲಿತ ಕಪ್ಪೆಗಳ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಕೊನೆಗೆ ಹೃದಯ ನಿಲ್ಲುತ್ತದೆ. ವಾಂತಿಭೇದಿಯಾದ ಮಗುವಿಗೆ ನಾವು ಓಆರ್‌ಎಸ್ ಯಾಕೆ ಕುಡಿಸುತ್ತೇವೋ, ಅದೇ ಲೆಕ್ಕ.

ನಾನು ಮಾಡಿದ್ದನ್ನು ಹೇಳಿದೆ. ವೈದ್ಯರು ಬೈಯಲಿಲ್ಲ, ಒಂದೊಂದೇ ಬಿಡಿಸಿ ಹೇಳಿದರು. ಇಟ್ರಾಕೊನಜೋಲ್ ನೀರಿನಲ್ಲಿ ಕರಗುವ ವಸ್ತುವಲ್ಲ. ಕ್ಯಾಪ್ಸೂಲಿನ ಕಾಳು ತಳಕ್ಕೆ ಕೂರುತ್ತದೆ, ಕಪ್ಪೆಗೆ ಎಷ್ಟು ಸಿಕ್ಕಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಈ ಚಿಕಿತ್ಸೆಗೆ ದ್ರವರೂಪದ ಔಷಧಿಯನ್ನು ಅಳೆದು ಬೆರೆಸಬೇಕು. ಹಳೆಯ ಕ್ರಮ ಲೀಟರಿಗೆ 100 ಮಿಲಿಗ್ರಾಂ, ದಿನಕ್ಕೆ 5 ನಿಮಿಷ, 11 ದಿನ. ಈಚೆಗೆ ಲೀಟರಿಗೆ 25 ಮಿಲಿಗ್ರಾಂ ಹಾಕಿ 6 ದಿನ ಮಾಡಿದರೂ ವಾಸಿಯಾದದ್ದುಂಟು. ಔಷಧಿ ಹೆಚ್ಚಾದರೆ ಅದೇ ವಿಷ, ಗೊದಮೊಟ್ಟೆಗಳಿಗಂತೂ ಇನ್ನೂ ಅಪಾಯ. ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ನಮಗೆ ಒಳ್ಳೆಯದು, ಕಪ್ಪೆಯ ಚರ್ಮಕ್ಕೆ ಉರಿ. ಮೂರು ದಿನ ನಾನು ಚಿಕಿತ್ಸೆ ಅಂದುಕೊಂಡು ಮಾಡಿದ್ದು ಅರೆಬರೆ ಉಪದ್ರವ. ನನ್ನ ಹುಳುಕಡ್ಡಿಗೆ ಮೆಡಿಕಲ್ ಸ್ಟೋರಿನಲ್ಲಿ ಟ್ಯೂಬ್ ಕೇಳಿದ ಹಾಗೆಯೇ ಇದೂ.

"ಆ ನೀರು ಎಲ್ಲಿ ಚೆಲ್ಲಿದಿರಿ?" ಅಂತ ಕೊನೆಗೆ ಕೇಳಿದರು.

"ಚರಂಡಿಗೆ."

"ಅದು ಎಲ್ಲಿಗೆ ಹೋಗುತ್ತೆ?"

ನಾನು ಮಾತಾಡಲಿಲ್ಲ. ಹುಡುಗನೇ ಹೇಳಿದ, "ಕೆರೆಗೆ."

ಈ ಬೀಜಕಣಗಳು ಕಪ್ಪೆಯಿಲ್ಲದೆಯೂ ಕೆರೆ ನೀರಿನಲ್ಲಿ 7 ವಾರದವರೆಗೆ ಬದುಕಬಲ್ಲವು ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಇದಕ್ಕೆ ಹಿಡಿಸುವ ಹವೆ 17ರಿಂದ 25 ಡಿಗ್ರಿ. 28 ದಾಟಿದರೆ ಬೆಳವಣಿಗೆ ಕುಂಠಿತ, 30ರ ಮೇಲೆ ಬಹಳ ಹೊತ್ತು ಇದ್ದರೆ ಸಾಯುತ್ತದೆ. ಬೆಂಗಳೂರಿನ ಹವಾ ಚೆನ್ನಾಗಿದೆ ಅಂತ ನಾವೆಲ್ಲ ಹೊಗಳುತ್ತೇವಲ್ಲ, ಮಳೆಗಾಲ ಚಳಿಗಾಲದ ಆ ಹವಾ ಇದಕ್ಕೂ ಚೆನ್ನಾಗಿದೆ.

ಅವತ್ತಿನಿಂದ 11 ದಿನ ಬಿಟಿಎಂನಿಂದ ಬಸ್ಸು ಹಿಡಿದು ಭಾನುವಾರವೂ ಬಿಡದೆ ಹೋದೆ. ನೀರನ್ನು ಹಿಂದಿನ ದಿನವೇ ಹಿಡಿದು, ವೈದ್ಯರು ಹೇಳಿದಂತೆ ಕ್ಲೋರಿನ್ ತೆಗೆದು ಇಡುತ್ತಿದ್ದೆವು. ಪುಡಿಯಿಲ್ಲದ ಹೊಸ ಗ್ಲೌಸ್, ಅದೂ ಒದ್ದೆ ಮಾಡಿಕೊಂಡು. ಒಣ ಕೈಯಲ್ಲಿ, ಉಪ್ಪು ಬೆವರಿನ ಕೈಯಲ್ಲಿ ಕಪ್ಪೆಯನ್ನು ಹಿಡಿದರೆ ಅದರ ಚರ್ಮಕ್ಕೆ ನೋವು. ಗಡಿಯಾರ ನೋಡಿಕೊಂಡು 5 ನಿಮಿಷ, ನೀರು ಹೊಟ್ಟೆ ಮುಳುಗುವಷ್ಟು ಮಾತ್ರ, ಚಮಚದಲ್ಲಿ ಬೆನ್ನ ಮೇಲೂ ಹೊಯ್ಯಬೇಕು. ಆಮೇಲೆ ಹೊಸ ಟಿಶ್ಯೂ ಹಾಸಿದ ತೊಳೆದ ಡಬ್ಬಿಗೆ ಬಿಡಬೇಕು. ಹಳೆಯ ಪೆಟ್ಟಿಗೆಗೇ ಬಿಟ್ಟರೆ ಅಲ್ಲಿರುವ ಬೀಜಕಣ ಮತ್ತೆ ಹತ್ತುತ್ತದೆ. ತೆಂಗಿನನಾರನ್ನೆಲ್ಲ ಸುಟ್ಟೆವು. ಸ್ನಾನದ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಟಾಯ್ಲೆಟ್ಟಿಗೆ ಸುರಿಯುತ್ತಿದ್ದೆವು. ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ದಿನಚರಿ ಬರೆದ. "ಇಂದು ಲಡ್ಡು ಕಣ್ಣು ಬಿಟ್ಟಿತು." ಒತ್ತಕ್ಷರ ಸರಿಯಾಗಿತ್ತು.

ಐದನೇ ದಿನ ಹುಡುಗನ ಅಮ್ಮನಿಗೆ ಸಾಕಾಯಿತು. ಒಳ್ಳೆಯ ಹೆಂಗಸು, ಬೀದಿ ನಾಯಿಗಳಿಗೆ ದಿನಾ ಅನ್ನ ಹಾಕುವವರು. "ಪಾಪ, ಯಾಕೆ ಇದಕ್ಕೆ ಇಷ್ಟು ಹಿಂಸೆ? ಕೆರೆಗೆ ಬಿಟ್ಟುಬಿಡೋಣ. ಅದರ ಜೊತೆಯವರ ಜೊತೆ ನೆಮ್ಮದಿಯಾಗಿ ಇರಲಿ. ನಮಗೂ ಪುಣ್ಯ" ಅಂದರು.

ನನಗೆ ಅವರನ್ನು ದೂರಲು ಬಾಯಿ ಬರಲಿಲ್ಲ. ಊರಲ್ಲಿ ನಾವೂ ಇಂಥ ಪುಣ್ಯ ಎಷ್ಟು ಮಾಡಿದ್ದೇವೆ. ಮಳೆ ಹೋದ ವರ್ಷ ಕಪ್ಪೆಗಳಿಗೆ ಮದುವೆ ಮಾಡಿ, ಒಂದು ಕೆರೆಯದನ್ನು ಇನ್ನೊಂದು ಬಾವಿಗೆ ಬಿಟ್ಟಿದ್ದೇವೆ. ನಾನು ಅವರಿಗೆ ಹೇಳಿದ್ದು ಒಂದು ದ್ವೀಪದ ಕಥೆ.

ಸ್ಪೇನ್ ದೇಶಕ್ಕೆ ಸೇರಿದ ಮಯೋರ್ಕಾ ಅನ್ನುವ ದ್ವೀಪ. ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಒಂದು ಪುಟ್ಟ ಕಪ್ಪೆಯಿದೆ. ಗಂಡು ತನ್ನ ಹಿಂಗಾಲಿಗೆ ಮೊಟ್ಟೆ ಸುತ್ತಿಕೊಂಡು ಓಡಾಡುತ್ತದೆ. ಅದು ಅಳಿದುಹೋಗಬಾರದೆಂದು ಸಾಕಿ, ಮರಿ ಮಾಡಿಸಿ, ಮತ್ತೆ ಹೊಂಡಗಳಿಗೆ ಬಿಟ್ಟರು. ಕೈಟ್ರಿಡ್ ಆ ದ್ವೀಪಕ್ಕೆ ಬಂದದ್ದು ಹಾಗೆ ಬಿಟ್ಟ ಕಪ್ಪೆಗಳ ಮೈಮೇಲೆ. ಸಾಕುವಲ್ಲಿ ಆಫ್ರಿಕಾದ ಬೇರೆ ಕಪ್ಪೆಗಳ ಜೊತೆ ಇಟ್ಟಿದ್ದಾಗ ಹತ್ತಿತ್ತು. ಆಮೇಲೆ ವಿಜ್ಞಾನಿಗಳು ಹೊಂಡಗಳನ್ನು ಬರಿದು ಮಾಡಿ, ಗೊದಮೊಟ್ಟೆಗಳನ್ನೆಲ್ಲ ಹಿಡಿದು ಒಯ್ದು, ಇದೇ ಇಟ್ರಾಕೊನಜೋಲ್ ಸ್ನಾನ ಮಾಡಿಸಿ ತಂದು ಬಿಟ್ಟರು. ರೋಗ ಮತ್ತೆ ಬಂತು. ಕೊನೆಗೆ ಖಾಲಿ ಹೊಂಡದ ಬಂಡೆಗಳಿಗೇ ಸೋಂಕುನಾಶಕ ಹೊಡೆಯಬೇಕಾಯಿತು. 2015ರಲ್ಲಿ ಅವರು ಗೆದ್ದೆವೆಂದು ಪ್ರಕಟಿಸಿದರು. ಜಗತ್ತಿನಲ್ಲಿ ಹೊರಗಿನ ನೀರಿನಿಂದ ಈ ರೋಗ ತೊಲಗಿಸಿದ್ದು ಅದೇ ಮೊದಲು. ಅವು ಕಲ್ಲಿನ ಸಂದಿಯ ಬೆರಳೆಣಿಕೆಯ ಹೊಂಡಗಳು. ಪುಟ್ಟೇನಹಳ್ಳಿ ಕೆರೆಯನ್ನು ಹಾಗೆ ಬತ್ತಿಸಿ, ಕಪ್ಪೆಯನ್ನೆಲ್ಲ ಹಿಡಿದು, ಮಣ್ಣಿಗೆ ಔಷಧಿ ಹೊಡೆಯಲು ಆಗುತ್ತದೆಯೇ? ಕಪ್ಪೆಗಳನ್ನು ತಕ್ಕಡಿಗೆ ಹಾಕುವುದೇ ಕಷ್ಟ ಅಂತ ಗಾದೆ ಮಾಡಿದವರು ನಾವು.

ಹುಡುಗನ ಅಮ್ಮ ಸ್ವಲ್ಪ ಹೊತ್ತು ಕೆರೆಯ ಕಡೆ ನೋಡಿ, "ಸರಿ, ಇನ್ನು ಎಷ್ಟು ದಿನ?" ಅಂದರು. ಆವಾಗ ನಾನು ಮೊದಲ ಮೂರು ದಿನದ ನೀರಿನ ವಿಷಯವನ್ನೂ ಅವರಿಗೆ ಹೇಳಿದೆ.

ಇದು ಸಣ್ಣ ವಿಷಯ ಅನ್ನಿಸಬಹುದು. 1998ರಲ್ಲಿ ಆಸ್ಟ್ರೇಲಿಯಾ ಮತ್ತು ಪನಾಮಾದಲ್ಲಿ ಸತ್ತು ಬಿದ್ದಿದ್ದ ಕಪ್ಪೆಗಳ ಚರ್ಮದಲ್ಲಿ ಈ ರೋಗವನ್ನು ಗುರುತಿಸಿದರು. 2019ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದಾಗ, ಈ ರೋಗದಿಂದ 501 ಜಾತಿಯ ಕಪ್ಪೆ ಮುಂತಾದ ಉಭಯವಾಸಿಗಳು ಕುಗ್ಗಿದ್ದವು, ಅವುಗಳಲ್ಲಿ 90 ಪೂರ್ತಿ ಅಳಿದಿವೆಯೆಂದು ನಂಬಲಾಗಿದೆ. ನಮ್ಮ ದೇಶದಲ್ಲಿ 2011ರಲ್ಲಿ ಕೇರಳ ಭಾಗದ ಪಶ್ಚಿಮಘಟ್ಟದ ಕಪ್ಪೆಗಳಲ್ಲಿ, 2013ರಲ್ಲಿ ಘಟ್ಟದ ಉತ್ತರ ಭಾಗದಲ್ಲಿ ಇದು ಇರುವುದು ವರದಿಯಾಯಿತು. ಈ ಎರಡರ ನಡುವೆ ಇರುವುದು ನಮ್ಮ ಕೊಡಗು, ಮಲೆನಾಡು, ಉತ್ತರ ಕನ್ನಡ. ಆದರೆ ಸಮಾಧಾನದ ಮಾತೂ ಇದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಲೀಂಧ್ರ ದೇಶದ ಹಲವು ಕಡೆ ಇದ್ದರೂ ಸೋಂಕು ಕಡಿಮೆ ಎಂದು ಕಂಡಿತು. ಏಷ್ಯಾದಲ್ಲಿ ಈ ಶಿಲೀಂಧ್ರ ಬಹಳ ಹಳೆಯದು, ಇಲ್ಲಿನ ಕಪ್ಪೆಗಳು ಇಲ್ಲಿನ ತಳಿಗೆ ಒಗ್ಗಿಕೊಂಡಿರಬಹುದು. ಭಯ ಇರುವುದು ಹೊರಗಿನ ತಳಿ ಬಂದರೆ. ಅದು ತಾನಾಗಿ ಸಮುದ್ರ ದಾಟಿ ಬರುವುದಿಲ್ಲ. ಹುಟ್ಟುಹಬ್ಬದ ಉಡುಗೊರೆಯಾಗಿ ಡಬ್ಬಿಯಲ್ಲಿ ಬರುತ್ತದೆ.

ಕಳೆದುಕೊಳ್ಳಲು ನಮ್ಮಲ್ಲಿ ಏನಿದೆ ಅಂತ ಕೇಳಿದರೆ ಎರಡು ಹೆಸರು ಹೇಳುತ್ತೇನೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಕಪ್ಪೆಯಿದೆ. ಅದರ ಗಂಡು ಮುಂಗಾಲಿನಲ್ಲಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ, ಕುಂಬಾರ ಮಡಕೆಗೆ ಮೆತ್ತಿದ ಹಾಗೆ. ಕೆ.ವಿ. ಗುರುರಾಜ ಮತ್ತು ಜೊತೆಯವರು 2014ರಲ್ಲಿ ಅದಕ್ಕೆ ಕುಂಬಾರ ಎಂದೇ ಹೆಸರಿಟ್ಟರು. ಇನ್ನೊಂದು, ಬೆಂಗಳೂರಿನ ಆಚೆ ರಾಜಾನುಕುಂಟೆ ಬಳಿಯ ಬೀಳು ನೆಲದಲ್ಲಿ ಸಿಕ್ಕ ಬಿಲಗಪ್ಪೆ. 2020ರಲ್ಲಿ ಅದನ್ನು ಹೊಸ ಜಾತಿಯೆಂದು ಗುರುತಿಸಿ ಬೆಂಗಳೂರಿನದೇ ಹೆಸರು ಕೊಟ್ಟರು. ಲೇಔಟ್ ಆಗಲು ಕಾದಿರುವಂಥ ನೆಲದಲ್ಲಿ ಹೊಸ ಕಪ್ಪೆ!

ಕಾಡಿನ ಕಪ್ಪೆಗೆ ಔಷಧಿ ಇಲ್ಲವೇ ಇಲ್ಲ ಅಂತಲೂ ಅಲ್ಲ. 2024ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಉಪಾಯ ಮಾಡಿದ ಸುದ್ದಿ ಬಂತು. ತೂತಿರುವ ಇಟ್ಟಿಗೆಗಳನ್ನು ಪೇರಿಸಿ, ಕಪ್ಪು ಬಣ್ಣ ಬಳಿದು, ಮೇಲೊಂದು ಸಣ್ಣ ಹಸಿರುಮನೆ ಮುಚ್ಚಿದರು. ಬಿಸಿಲಿಗೆ ಇಟ್ಟಿಗೆ ಬೆಚ್ಚಗಾಗುತ್ತದೆ. ರೋಗ ಬಂದ ಕಪ್ಪೆಗಳು ತಾವೇ ಹೋಗಿ ಆ ತೂತುಗಳಲ್ಲಿ ಕೂತು, ಮೈ ಕಾಯಿಸಿಕೊಂಡು ವಾಸಿಯಾದವು. ಹಾಗೆ ವಾಸಿಯಾದವಕ್ಕೆ ಎರಡನೇ ಸಲ ರೋಗ ತಡೆಯುವ ಶಕ್ತಿಯೂ ಬಂದಿತ್ತು. ಅಜ್ಜಿಗೆ ಇದು ಬಹಳ ಹಿಡಿಸಿತು. "ಒಲೆ ಮುಂದೆ ಕೂತಂಗೆ" ಅಂದಳು. ಅದು ಅಲ್ಲಿನ ಚಳಿಗೆ, ಅಲ್ಲಿನ ಒಂದು ಜಾತಿಯ ಕಪ್ಪೆಗೆ ಮಾಡಿ ನೋಡಿದ್ದು. ಎಲ್ಲ ಕಪ್ಪೆಗೂ, ಎಲ್ಲ ಊರಿಗೂ ಆಗುವ ಮದ್ದು ಇನ್ನೂ ಇಲ್ಲ.

ಲಡ್ಡು ಬದುಕಿತು. ಏಳನೇ ದಿನ ಮಗುಚಿ ಹಾಕಿದರೆ ತಾನೇ ಎದ್ದು ಕೂತಿತು. ಹತ್ತನೇ ದಿನ ಒಂದು ಹುಳ ನುಂಗಿತು. ಹುಡುಗ ನೋಟ್‌ಬುಕ್ಕಿನಲ್ಲಿ ಇಡೀ ಪುಟ ತುಂಬಾ ಬರೆದ. ನನ್ನ ಹುಳುಕಡ್ಡಿ ವಾಸಿಯಾಗಲು ಅದಕ್ಕಿಂತ ಹೆಚ್ಚು ದಿನ ಬೇಕಾಯಿತು.

ಕೆರೆಗೆ ಏನಾಯಿತು ಅಂತ ಗೊತ್ತಿಲ್ಲ. ಬಹುಶಃ ಏನೂ ಆಗಿಲ್ಲ. ಮೂರು ಮಗ್ಗು ನೀರು, ದೊಡ್ಡ ಕೆರೆ. ಜುಲೈನಲ್ಲಿ ಒಂದು ರಾತ್ರಿ ಜೋರು ಮಳೆ ಬಂದಾಗ ಪಾಠ ನಿಲ್ಲಿಸಿ ನಾನೂ ಹುಡುಗನೂ ಬಾಲ್ಕನಿಗೆ ಹೋದೆವು. ಕಪ್ಪೆಗಳು ಕೂಗುತ್ತಿದ್ದವು. ಹಿಂದಿನ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಹೇಳಲು ನಾವು ಯಾವತ್ತೂ ಎಣಿಸಿರಲಿಲ್ಲ. ಈಗ ಪ್ರತಿ ಮಳೆಗೂ ಹುಡುಗ ತಾರೀಖು ಬರೆದು, ಎಷ್ಟು ಬಗೆಯ ಕೂಗು ಕೇಳಿತು ಅಂತ ಗುರುತು ಹಾಕುತ್ತಾನೆ. ನಿಮ್ಮೂರಲ್ಲೂ ಮಕ್ಕಳಿಂದ ಇದನ್ನು ಮಾಡಿಸಬಹುದು, ಖರ್ಚಿಲ್ಲ.

ಇನ್ನೂ ಕೆಲವು ಕೆಲಸಗಳಿವೆ. ಒಂದು ಕೆರೆಯ ಗೊದಮೊಟ್ಟೆ, ಕಪ್ಪೆಯನ್ನು ಇನ್ನೊಂದು ಕೆರೆಗೆ ಒಯ್ಯಬೇಡಿ. ಮೀನುಮರಿ ತಂದಾಗ ಆ ಬಕೆಟ್ಟಿನ ನೀರನ್ನು ನಿಮ್ಮ ಹೊಂಡಕ್ಕೆ ಸುರಿಯದೆ, ದೂರದ ಒಣನೆಲಕ್ಕೆ ಚೆಲ್ಲಿ. ಬಲೆ, ಬೂಟುಗಳನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಒಣಗಿದರೆ ಈ ಶಿಲೀಂಧ್ರ ಸಾಯುತ್ತದೆ. ಒಂದೇ ಕಡೆ ಹಲವು ಕಪ್ಪೆ ಸತ್ತು ಬಿದ್ದಿದ್ದರೆ ಫೋಟೋ ತೆಗೆದು ಅರಣ್ಯ ಇಲಾಖೆಯವರಿಗೋ ಪಶು ಆಸ್ಪತ್ರೆಗೋ ತಿಳಿಸಿ. ಕೀಟನಾಶಕದಿಂದಲೂ ಹಾಗಾಗುತ್ತದೆ, ಅದೂ ಗೊತ್ತಾಗಬೇಕಾದ ವಿಷಯವೇ. ನನ್ನ ಹಾಗೆ ಕ್ಯಾಪ್ಸೂಲ್ ಬಿಚ್ಚಬೇಡಿ.

ಮೊನ್ನೆ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ನಾನು ಕಳಿಸಿದ್ದ ಲಡ್ಡುವಿನ ವಿಡಿಯೋ ಅವನ ಸ್ನೇಹಿತರೆಲ್ಲ ನೋಡಿದ್ದಾರಂತೆ.

"ಅಕ್ಕಾ, ಅಂಥದ್ದೇ ಒಂದು ಜೋಡಿ ತಂದುಕೊಡು. ನಮ್ಮ ಕೃಷಿಹೊಂಡಕ್ಕೆ ಬಿಡೋಣ. ಮರಿ ಆದ್ರೆ ಮಾರಬಹುದು."

"ನಿಮ್ಮ ಹೊಂಡದಲ್ಲಿ ಈಗ ಯಾವ ಕಪ್ಪೆ ಇದೆ?" ಅಂತ ಕೇಳಿದೆ.

"ಯಾವುದೋ. ರಾತ್ರಿಯೆಲ್ಲ ಬಡ್ಕೊಂತವೆ."

"ಇವತ್ತು ರಾತ್ರಿ ಟಾರ್ಚ್ ತಗೊಂಡು ಹೋಗಿ ನೋಡು. ಎಷ್ಟು ಥರ ಇವೆ ಅಂತ ಬರಕೊಂಡು ನಾಳೆ ಹೇಳು. ಆಮೇಲೆ ಜೋಡಿ ವಿಷಯ ಮಾತಾಡೋಣ" ಅಂದೆ.

ಮರುದಿನ ಬೆಳಗ್ಗೆ ಅವನೇ ಫೋನ್ ಮಾಡಿದ. ನಾಲ್ಕು ಥರ ಇದ್ದವಂತೆ. ಅಜ್ಜಿಯೂ ಜೊತೆಗೆ ಹೋಗಿದ್ದಳಂತೆ, ಎರಡಕ್ಕೆ ಹೆಸರೂ ಹೇಳಿದಳಂತೆ. ಜೋಡಿ ವಿಷಯ ಅವನು ಎತ್ತಲಿಲ್ಲ.